ಆಟ ಕಟ್ಟುವವರ ಹೆಸರು



ಕಂಪ್ಯೂಟರ್ ಆಟಗಳನ್ನು ರಚಿಸುವವರನ್ನು ಕಲಾವಿದರೆಂದು ಪರಿಗಣಿಸಿ ದೇಶವು ಗೌರವಿಸಬೇಕು ಎಂದು ನಾನು ಬರೆದರೆ ನಿಮ್ಮಲ್ಲಿ ಅರ್ಧ ಜನ ನಗುತ್ತೀರಿ. ಉಳಿದರ್ಧ ಜನ ಮೇಷ್ಟರಿಗೆ ವಯಸ್ಸಾಯಿತು ಎಂದುಕೊಳ್ಳುತ್ತೀರಿ. ಎರಡಕ್ಕೂ ನನ್ನ ಆಕ್ಷೇಪವಿಲ್ಲ. ಪೂರ್ತಿ ಓದಿದ ಮೇಲೆ ನಗಿ ಎಂಬುದಷ್ಟೇ ನನ್ನ ಕೋರಿಕೆ.

ಈ ವಿಚಾರ ನನ್ನ ತಲೆಗೆ ಹೊಕ್ಕದ್ದು ಹಳೆಯ ವಿದ್ಯಾರ್ಥಿಯೊಬ್ಬನಿಂದ. ತೊಂಬತ್ತರ ದಶಕದಲ್ಲಿ ಪೀಣ್ಯದ ಬಳಿಯ ಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತಿದ್ದಾಗ ಅವನು ಎಂಟನೆಯ ತರಗತಿಯಲ್ಲಿದ್ದ. ತಂದೆ ಅಲ್ಲಿನ ಚಿಕ್ಕ ಷೆಡ್ಡೊಂದರಲ್ಲಿ ಲೇತ್ ಓಡಿಸುತ್ತಿದ್ದರು. ಹುಡುಗ ಗ್ರಾಫ್ ಹಾಳೆಯ ಮೇಲೆ ಕೋಟೆ, ಸುರಂಗ, ಕಳ್ಳಬಾಗಿಲು, ಕಾವಲುಗಾರ ಎಲ್ಲವನ್ನೂ ಬರೆದು, ರಬ್ಬರಿನ ಚೂರುಗಳನ್ನೇ ಕಾಯಿಗಳನ್ನಾಗಿಸಿ ಒಂದು ಆಟ ಹೂಡಿದ್ದ. ಹಿಂದಿನ ಎರಡು ಬೆಂಚುಗಳು ನನ್ನ ಬೀಜಗಣಿತವನ್ನು ಬಿಟ್ಟು ಅದರಲ್ಲಿ ಮುಳುಗಿದ್ದವು. ನಾನು ಹಾಳೆಯನ್ನು ಕಿತ್ತುಕೊಂಡೆ, ಗಟ್ಟಿಯಾಗಿ ಬೈದೆ, ಮರಳಿ ಕೊಡಲಿಲ್ಲ.

ಈಗ ಅವನು ವೈಟ್‌ಫೀಲ್ಡ್ ಕಡೆಯ ಸ್ಟುಡಿಯೋ ಒಂದರಲ್ಲಿ ವಿದೇಶಿ ಆಟಗಳಿಗೆ ಬಂಡೆ, ಗೋಡೆ, ಮರ, ಪಾಳುಬಿದ್ದ ಮನೆಗಳನ್ನು ರೂಪಿಸುತ್ತಾನೆ. ಮೊನ್ನೆ ಮನೆಗೆ ಬಂದವನು ಮಾರುಕಟ್ಟೆಗೆ ಬಂದಿರುವ ಆಟವೊಂದರ ದೃಶ್ಯವನ್ನು ಮೊಬೈಲಿನಲ್ಲಿ ತೋರಿಸಿದ. ಮಳೆಗೆ ನೆನೆದು ಪಾಚಿ ಹಿಡಿದ ಗೋಡೆ. ಒಂದು ಮೂಲೆಯಲ್ಲಿ ಗಾರೆ ಉದುರಿ ಒಳಗಿನ ಇಟ್ಟಿಗೆ ಇಣುಕುತ್ತಿತ್ತು. “ಇದಕ್ಕೆ ಮೂರು ವಾರ ಹಿಡೀತು ಸಾರ್” ಎಂದ. ಸಿನಿಮಾದಲ್ಲಿ ಬರುವಂತೆ ಆಟದ ಕೊನೆಯಲ್ಲೂ ಹೆಸರುಗಳ ಪಟ್ಟಿ ಬರುತ್ತದೆಯಂತೆ. ನಿನ್ನ ಹೆಸರೆಲ್ಲಿ ಎಂದು ಕೇಳಿದೆ. “ನಮ್ಮ ಹೆಸರು ಹಾಕಲ್ಲ ಸಾರ್, ನಮ್ಮದು ಜಾಬ್ ವರ್ಕು. ಅಪ್ಪನೂ ಅದೇ ತಾನೆ ಮಾಡ್ತಿದ್ದದ್ದು” ಎಂದು ನಕ್ಕ. ನನಗೆ ನಗು ಬರಲಿಲ್ಲ.

ಪೀಣ್ಯವನ್ನು ಬಲ್ಲವರಿಗೆ ಜಾಬ್ ವರ್ಕ್ ಎಂದರೇನೆಂದು ವಿವರಿಸಬೇಕಿಲ್ಲ. ಡ್ರಾಯಿಂಗ್ ಅವರದು, ಎಷ್ಟೋ ವೇಳೆ ಕಬ್ಬಿಣವೂ ಅವರದೇ, ಕೈ ಮಾತ್ರ ನಮ್ಮದು. ಅದು ಮರ್ಯಾದೆಯ ದುಡಿಮೆ. ಅದರಿಂದಲೇ ಆ ಮನೆಯ ಮಕ್ಕಳು ಓದಿದರು. ಆದರೆ ಲೇತಿನಲ್ಲಿ ಸಾವಿರ ಬುಷ್ ತಿರುವಿದರೆ ಸಾವಿರವೂ ಒಂದೇ ಅಳತೆಗಿರಬೇಕು. ಮಾಡಿದವನ ಗುರುತು ಅದರಲ್ಲಿ ಕಂಡರೆ ಅದು ದೋಷ. ಗೋಡೆಯ ಮೇಲೆ ಪಾಚಿ ಎಲ್ಲಿ ಹಬ್ಬಬೇಕು, ಗಾರೆ ಎಲ್ಲಿ ಉದುರಬೇಕು ಎಂಬುದನ್ನು ನಿರ್ಧರಿಸುವಲ್ಲಿ ಮಾಡಿದವನ ಗುರುತೇ ಗುಣ. ಕಸುಬು ಮತ್ತು ಕಲೆಯ ನಡುವಿನ ಗೆರೆ ಇದೇ ಎಂದು ನಾನು ತಿಳಿದಿದ್ದೇನೆ. ಆ ಗೆರೆ ದಾಟಿದವನನ್ನು ಇಂದಿಗೂ ಬುಷ್ಷಿನ ಲೆಕ್ಕದಲ್ಲೇ ಇಟ್ಟಿದ್ದೇವೆ ಎಂಬುದು ನನ್ನ ತಕರಾರು.

ಹೊರದೇಶಗಳಲ್ಲಿ ಈ ಪ್ರಶ್ನೆ ಬಹಳ ಹಿಂದೆಯೇ ಇತ್ಯರ್ಥವಾಗಿದೆ. ಫ್ರಾನ್ಸ್ ದೇಶವು 1957ರಲ್ಲಿ ಸ್ಥಾಪಿಸಿದ ಕಲೆ ಮತ್ತು ಸಾಹಿತ್ಯದ ಗೌರವಶ್ರೇಣಿಯನ್ನು 2006ರ ಮಾರ್ಚಿನಲ್ಲಿ ಮೂವರು ಆಟ ರಚನಕಾರರಿಗೆ ನೀಡಿತು: ಮಾರಿಯೋವನ್ನು ಸೃಷ್ಟಿಸಿದ ಜಪಾನಿನ ಶಿಗೆರು ಮಿಯಾಮೊಟೊ, ಫ್ರಾನ್ಸಿನವರೇ ಆದ ಮಿಶೆಲ್ ಆನ್ಸೆಲ್ ಮತ್ತು ಫ್ರೆಡೆರಿಕ್ ರೆನಾಲ್. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 14 ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಜಪಾನ್ 2019ರಲ್ಲಿ ಮಿಯಾಮೊಟೊ ಅವರನ್ನು ಸಾಂಸ್ಕೃತಿಕ ಸಾಧಕರ ಸಾಲಿಗೆ ಸೇರಿಸಿತು.

ನಮ್ಮಲ್ಲಿ ನಡೆದುದನ್ನು ನೋಡಿ. 2024ರ ಮಾರ್ಚ್ 8ರಂದು ದೆಹಲಿಯಲ್ಲಿ ಪ್ರಧಾನಮಂತ್ರಿಗಳು ರಾಷ್ಟ್ರೀಯ ಕ್ರಿಯೇಟರ್ ಪ್ರಶಸ್ತಿಗಳನ್ನು ಪ್ರದಾನ ಮಾಡಿದರು. ಗೇಮಿಂಗ್ ವಿಭಾಗವೂ ಅದರಲ್ಲಿತ್ತು. ಅದು ಸಂದದ್ದು ಯೂಟ್ಯೂಬಿನಲ್ಲಿ ಹೆಸರು ಮಾಡಿದ ತರುಣನಿಗೆ. ಆ ತರುಣನ ಮೇಲೆ ನನಗೆ ಅಸೂಯೆಯಿಲ್ಲ. ಆದರೆ ವೀಣೆ ಮಾಡಿದವನನ್ನು ಬಿಡಿ, ಕೃತಿ ರಚಿಸಿದವನನ್ನೂ ಬಿಟ್ಟು, ಕಛೇರಿಯ ವಿಮರ್ಶೆ ಹೇಳಿದವನಿಗೆ ಶಾಲು ಹೊದಿಸಿದಂತಾಯಿತಲ್ಲವೇ? ಇನ್ನೊಂದು ಉದಾಹರಣೆ ಚಲನಚಿತ್ರ ಪ್ರಶಸ್ತಿಗಳದು. ಈಗ ಅದರಲ್ಲಿ ಎ.ವಿ.ಜಿ.ಸಿ. ಎಂಬ ವಿಭಾಗವಿದೆ, ಅನಿಮೇಶನ್, ವಿಶುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಎಂದು ಅದರ ವಿಸ್ತರಣೆ. 2025ರ ಆಗಸ್ಟಿನಲ್ಲಿ ಘೋಷಣೆಯಾದ 71ನೆಯ ಪ್ರಶಸ್ತಿಗಳಲ್ಲಿ ಅದು ‘ಹನುಮಾನ್’ ಎಂಬ ತೆಲುಗು ಚಲನಚಿತ್ರಕ್ಕೆ ಸಂದಿತು. ಚಲನಚಿತ್ರದ ಪ್ರಶಸ್ತಿ ಚಲನಚಿತ್ರಕ್ಕೇ ಹೋಗಬೇಕು, ನಿಜ. ಆದರೆ ಫಲಕದ ಮೇಲೆ ಆಟದ ಅಕ್ಷರವಿದೆ, ಒಳಗೆ ಆಟಕ್ಕೆ ಮಣೆಯಿಲ್ಲ.

ಕರ್ನಾಟಕದ ಕಥೆಯೂ ಇದೇ. ಈ ಕ್ಷೇತ್ರಕ್ಕಾಗಿ ಪ್ರತ್ಯೇಕ ನೀತಿಯನ್ನು 2012ರಲ್ಲೇ ರೂಪಿಸಿದ ರಾಜ್ಯ ನಮ್ಮದು. 2017ರಲ್ಲಿ ಎರಡನೆಯದು ಬಂತು, 2024ರಲ್ಲಿ ಮೂರನೆಯದು. ಮಹದೇವಪುರದಲ್ಲಿ ತರಬೇತಿಗಾಗಿ ಉತ್ಕೃಷ್ಟತಾ ಕೇಂದ್ರವೂ ಇದೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಇವೆಲ್ಲವೂ ಐಟಿ-ಬಿಟಿ ಇಲಾಖೆಯ ಕಡತಗಳು. ಅಲ್ಲಿ ಹೂಡಿಕೆ, ಉದ್ಯೋಗ, ರಫ್ತುಗಳ ಮಾತಿದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮೇಜಿನ ಮೇಲೆ ಆಟದ ಕಡತ ಎಂದು ಏರೀತು?

ಇನ್ನು ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು, ಇದೆಲ್ಲ ಜೂಜು ಎಂಬುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಂದ ಮನೆಗಳು ಹಾಳಾದದ್ದನ್ನು ನಾನೂ ಬಲ್ಲೆ. ಅವುಗಳನ್ನು ತಡೆಯಲು ರಾಜ್ಯ 2021ರಲ್ಲಿ ಮಾಡಿದ ಕಾನೂನಿನ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಮಾಡಿತು. ಆ ಕಾನೂನೇ ಹಣದ ಆಟವನ್ನೂ ಉಳಿದ ಆಟಗಳನ್ನೂ ಬೇರ್ಪಡಿಸಿ ನೋಡುತ್ತದೆ. ಇಸ್ಪೀಟ್ ಅಡ್ಡೆಯ ಪಾಪವನ್ನು ಚದುರಂಗದ ತಲೆಗೆ ಕಟ್ಟಬಾರದು.

ಎರಡನೆಯದು, ಆಟ ಎಂಬುದು ಯಾರೋ ಒಬ್ಬರ ಕೃತಿಯಲ್ಲ, ನೂರಾರು ಜನರ ಕೂಡುಗೆಲಸ, ಅದರಲ್ಲಿ ಯಾರನ್ನು ಕಲಾವಿದರೆನ್ನುವುದು ಎಂಬುದು. ಸಿನಿಮಾ ಕೂಡ ಹಾಗೆಯೇ ಅಲ್ಲವೇ? ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರು 1959ರಲ್ಲಿ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಕ್ಯಾಮೆರಾ ಹಿಡಿದರು; ಅದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಸುಮಾರು ಅರ್ಧ ಶತಮಾನದ ಬಳಿಕ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ದೊರೆತದ್ದು ಅದೇ ಮೊದಲು. ತಡವಾಯಿತು, ಆದರೂ ಬಂತು. ಹೇಗೆ ಬಂತು? ಚಿತ್ರದ ಮೇಲೆ ಅವರ ಹೆಸರಿತ್ತು, ಆದುದರಿಂದ ಬಂತು. ಹೆಸರೇ ಇಲ್ಲದಿದ್ದರೆ ಐವತ್ತು ವರ್ಷಗಳ ನಂತರ ಯಾರನ್ನು ಹುಡುಕಿ ಶಾಲು ಹೊದಿಸುತ್ತಿದ್ದೆವು?

ಮೂರನೆಯದು, ಆಡುವವನು ಮನಬಂದಂತೆ ಆಡುತ್ತಾನೆ, ಹಾಗಾದರೆ ರಚಿಸಿದವನ ಕಲೆ ಎಲ್ಲಿ ಎಂಬುದು. ಈ ಪ್ರಶ್ನೆಯನ್ನು ಯಕ್ಷಗಾನ ಕಂಡವರು ಕೇಳಬಾರದು. ಪ್ರಸಂಗ ಒಂದೇ, ಅರ್ಥಗಾರಿಕೆ ಪ್ರತಿ ರಾತ್ರಿ ಬೇರೆ. ಹಾಗೆಂದು ಕುಂಬಳೆಯ ಪಾರ್ತಿಸುಬ್ಬ ಕವಿಯಲ್ಲ ಎಂದು ಯಾರಾದರೂ ಹೇಳಿದ್ದುಂಟೇ? ಆದರೂ ದೇಶದ ಕಣ್ಣಿಗೆ ಯಕ್ಷಗಾನ ಬೀಳಲು ಎಷ್ಟು ಕಾಲ ಹಿಡಿಯಿತು ನೋಡಿ. ಪದ್ಮ ಪ್ರಶಸ್ತಿಗಳು ಆರಂಭವಾದದ್ದು 1954ರಲ್ಲಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ಅಲ್ಲಿಯವರೆಗೆ ಅದು ಕಲೆಯಾಗಿರಲಿಲ್ಲವೇ?

ಆಟ ರಚಿಸುವುದು ಪಾಶ್ಚಾತ್ಯರಿಂದ ಬಂದ ಗೀಳು ಎನ್ನುವವರು ಒಮ್ಮೆ ಮೈಸೂರಿನ ಕಡೆ ನೋಡಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಭಾಗವೇ ಇದೆ. ಗಂಜೀಫಾ ಎಲೆಗಳ ಬಗೆಬಗೆಯ ಆಟಗಳು ಅಲ್ಲಿವೆ. ಒಂದೊಂದು ಎಲೆಯೂ ಚಿತ್ರಕಾರ ಕೈಯಲ್ಲಿ ಬರೆದ ಕೃತಿ. ಚದುರಂಗದ 64 ಮನೆಗಳಲ್ಲಿ ಯಾವುದನ್ನೂ ಎರಡು ಸಲ ಮುಟ್ಟದಂತೆ ಕುದುರೆಯನ್ನು ನಡೆಸಿ, ಆ ನಡೆಯ ಅಂಕಿಗಳನ್ನು ಕೂಡಿದರೆ ಪ್ರತಿ ಸಾಲಿಗೂ 260 ಬರುವಂತೆ ಹೊಂದಿಸಿದವರು ಆ ದೊರೆ. ಗಣಿತದ ಮೇಷ್ಟರಾಗಿ ಹೇಳುತ್ತೇನೆ, ಅದು ಸಾಮಾನ್ಯ ಬುದ್ಧಿಯ ಕೆಲಸವಲ್ಲ. ಆಟ ಕಟ್ಟುವುದನ್ನು ಸಿಂಹಾಸನದ ಮೇಲೆ ಕುಳಿತವರೇ ಗೌರವದ ವಿದ್ಯೆಯೆಂದು ಬಗೆದಿದ್ದ ನಾಡು ಇದು.

ಹೆಸರಿನ ವಿಷಯದಲ್ಲಿ ನಮಗೆ ಅದಕ್ಕಿಂತಲೂ ಹಳೆಯ ಪರಂಪರೆಯಿದೆ. ಬೇಲೂರಿನ ಮದನಿಕೆಗಳ ಬಳಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ದೇವಾಲಯ ಕಟ್ಟಿಸಿದವನು ಅರಸನೋ ದಂಡನಾಯಕನೋ ಇರಬಹುದು. ಉಳಿ ಹಿಡಿದವನ ಹೆಸರನ್ನು ಯಾರೂ ಅಳಿಸಲಿಲ್ಲ. ಎಂಟು ಒಂಬತ್ತು ಶತಮಾನಗಳ ಹಿಂದೆ ಶಿಲ್ಪಿಗಿದ್ದ ಹಕ್ಕು ಇಂದು ವೈಟ್‌ಫೀಲ್ಡಿನ ಗಾಜಿನ ಕಟ್ಟಡದೊಳಗೆ ಕುಳಿತ ಶಿಲ್ಪಿಗೆ ಇಲ್ಲವೆಂದರೆ ನಾವು ಮುಂದುವರಿದದ್ದು ಯಾವುದರಲ್ಲಿ?

ಇದು ಬರಿಯ ಅಭಿಮಾನದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆಯೂ ಹೌದು. 2025ರ ಫೆಬ್ರವರಿಯಲ್ಲಿ ಪ್ಯಾರಿಸ್ ಮೂಲದ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರು, ಮುಂಬಯಿಗಳಲ್ಲಿ ಅದರ ಸ್ಟುಡಿಯೋಗಳಲ್ಲಿದ್ದವರೂ ಕೆಲಸ ಕಳೆದುಕೊಂಡರು. ಈ ಕ್ಷೇತ್ರದಲ್ಲಿ ಕೆಲಸ ಹೋದವನು ಹೊಸ ಬಾಗಿಲು ತಟ್ಟಿದಾಗ ನೀನು ಮಾಡಿದ್ದೇನು ತೋರಿಸು ಎನ್ನುತ್ತಾರೆ. ಗೋಪ್ಯತೆಯ ಕರಾರಿಗೆ ಸಹಿ ಹಾಕಿದವನು ತೋರಿಸುವುದಾದರೂ ಏನನ್ನು? ಹೆಸರಿದ್ದರೆ ಅದೇ ಸಾಕ್ಷಿ. ಇಲ್ಲದಿದ್ದರೆ ಹತ್ತು ವರ್ಷಗಳ ದುಡಿಮೆ ನೀರಿನ ಮೇಲಿನ ಬರಹ.

ಆದುದರಿಂದ ನನ್ನ ಬೇಡಿಕೆ ಎರಡೇ. ಮೊದಲನೆಯದು, ಸರ್ಕಾರದ ನೀತಿಯಡಿ ರಿಯಾಯಿತಿ ಪಡೆಯುವ ಪ್ರತಿಯೊಂದು ಸ್ಟುಡಿಯೋ, ತಾನು ಕೆಲಸ ಮಾಡಿಕೊಟ್ಟ ಆಟದಲ್ಲಿ ತನ್ನ ಕಲಾವಿದರ ಹೆಸರುಗಳನ್ನು ಹಾಕಿಸುವ ಷರತ್ತನ್ನು ಹೊರದೇಶದ ಗಿರಾಕಿಯೊಡನೆ ಮಾಡಿಕೊಳ್ಳಬೇಕು. ಇದಕ್ಕೆ ಬೊಕ್ಕಸದಿಂದ ಒಂದು ಪೈಸೆಯೂ ಬೇಕಿಲ್ಲ. ಎರಡನೆಯದು, ರಾಜ್ಯೋತ್ಸವ ಪ್ರಶಸ್ತಿಯಲ್ಲಿ, ಪದ್ಮ ಪ್ರಶಸ್ತಿಯ ಕಲಾವಿಭಾಗದಲ್ಲಿ ಆಟ ರಚಿಸುವವರನ್ನೂ ಪರಿಗಣಿಸಬೇಕು. ಸಂಪಾದಿಸಿದ ಡಾಲರಿಗಾಗಿ ಅಲ್ಲ, ಕಟ್ಟಿದ ಆಟಕ್ಕಾಗಿ. ಈ ಕ್ರಮವೂ ಮುಖ್ಯ. ಹೆಸರಿಲ್ಲದೆ ಗೌರವ ಕೊಡಹೊರಟರೆ ಅದು ಕಂಪನಿಯ ಮಾಲೀಕರಿಗೆ ಹೋಗುತ್ತದೆ, ಗೋಡೆಗೆ ಪಾಚಿ ಹಚ್ಚಿದವನಿಗೆ ಹೋಗುವುದಿಲ್ಲ.

ಗೌರವದಿಂದ ಏನಾದೀತು ಎನ್ನುವಿರಾ? ತಮಿಳು ಕುಟುಂಬವೊಂದರ ಅಡುಗೆಮನೆಯನ್ನೇ ಕಥೆಯಾಗಿಸಿ ಕೆನಡಾದಲ್ಲಿ ತಯಾರಾದ ‘ವೆಣ್ಬಾ’ ಎಂಬ ಆಟ 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಪಡೆಯಿತು. ಕನ್ನಡದ ಮನೆಯ ಜಗಲಿ, ಮಲೆನಾಡಿನ ಮಳೆ, ಪೀಣ್ಯದ ಎರಡನೆಯ ಪಾಳಿಯ ಸೈರನ್ ಇವನ್ನು ಆಟವಾಗಿಸಬಲ್ಲ ಕೈಗಳು ನಮ್ಮಲ್ಲೇ ಇವೆ. ಅವು ಈಗ ಇನ್ನಾರದೋ ಊರಿನ ಗೋಡೆ ಕಟ್ಟುತ್ತಿವೆ.

ಈ ಬರಹ ಓದುವ ನಿಮ್ಮಲ್ಲಿ ಕೆಲವರು ಇಂಥ ಕಂಪನಿಗಳಲ್ಲಿ ಮ್ಯಾನೇಜರ್‌ಗಳಾಗಿದ್ದೀರಿ, ಕರಾರುಗಳಿಗೆ ಸಹಿ ಹಾಕುತ್ತೀರಿ. ಮುಂದಿನ ಕರಾರಿನಲ್ಲಿ ಒಂದು ಸಾಲು ಸೇರಿಸಲು ಕೇಳಿ ನೋಡಿ. ಕೇಳಿದರೆ ಕೊಡುತ್ತಾರೆಂದಲ್ಲ, ಕೇಳದೆ ಇದ್ದರೆ ಎಂದೂ ಕೊಡುವುದಿಲ್ಲ.

ಕೊನೆಯದಾಗಿ ಒಂದು ಮಾತು. ನಾನು ಅಂದು ಕಿತ್ತುಕೊಂಡ ಗ್ರಾಫ್ ಹಾಳೆಯ ಬಲಮೂಲೆಯಲ್ಲಿ ಆ ಹುಡುಗ ತನ್ನ ಹೆಸರನ್ನೂ ತರಗತಿಯನ್ನೂ ದುಂಡಗೆ ಬರೆದಿದ್ದ. ಅವನು ಹೆಸರು ಬರೆದುಕೊಂಡ ಆಟ ಅದೊಂದೇ. ಅದನ್ನು ಏನು ಮಾಡಿದೆನೋ ನನಗೆ ನೆನಪಿಲ್ಲ. ಮೊನ್ನೆ ಅವನಲ್ಲಿ ಕ್ಷಮೆ ಕೇಳಿದೆ. “ಬಿಡಿ ಸಾರ್, ಆವತ್ತು ಲೆಕ್ಕ ಕಲಿಸಿದ್ದಕ್ಕೇ ಈವತ್ತು ಈ ಕೆಲಸ” ಎಂದ. ದೊಡ್ಡ ಮಾತು, ಆದರೆ ಅದರಿಂದ ನನ್ನ ಸಾಲ ತೀರಲಿಲ್ಲ.