ಆಸ್ಪತ್ರೆಯ ಸರ್ವರ್ ಅಪ್‌ಡೇಟ್ ಆಗದಿದ್ದರೆ ರೋಗಿಗೇನು ತೊಂದರೆ?

“ಶನಿವಾರ ರಾತ್ರಿ ಸರ್ವರ್ ಅಪ್‌ಡೇಟ್ ಇರುವುದರಿಂದ ಮೂರು ಗಂಟೆ ಆನ್‌ಲೈನ್ ರಿಪೋರ್ಟ್ ಸಿಗುವುದಿಲ್ಲ.” ಆಸ್ಪತ್ರೆಯಿಂದ ಇಂಥ ಮೆಸೇಜ್ ಬಂದರೆ ಯಾರಿಗಾದರೂ ಕಿರಿಕಿರಿಯೇ. ಆದರೆ ಮುಂಚೆಯೇ ತಿಳಿಸಿ ನಿಲ್ಲಿಸುವ ಆ ಮೂರು ಗಂಟೆ, ಹೇಳದೆ ಕೇಳದೆ ವಾರಗಟ್ಟಲೆ ನಿಂತುಹೋಗುವ ಅಪಾಯವನ್ನು ತಗ್ಗಿಸುತ್ತದೆ. ಹೇಗೆ ಎಂಬುದನ್ನು ನೋಡೋಣ.

ಸರ್ವರ್ ನಿಂತರೆ ಏನಾಗುತ್ತದೆ?

ದೆಹಲಿಯಲ್ಲಿರುವ ಓದುಗರಿಗೆ ಇದು ನೆನಪಿರಬಹುದು. 2022ರ ನವೆಂಬರ್ 23ರ ಬೆಳಿಗ್ಗೆ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಕೆಲಸ ನಿಲ್ಲಿಸಿದವು. ಓಪಿಡಿ ನೋಂದಣಿ, ದಾಖಲಾತಿ, ಲ್ಯಾಬ್, ಬಿಲ್ಲಿಂಗ್ ಎಲ್ಲವನ್ನೂ ಸಿಬ್ಬಂದಿ ಕೈಬರಹದಲ್ಲಿ ನಡೆಸಬೇಕಾಯಿತು. ದಾಳಿಕೋರರು ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಯನ್ನು ಯಾರೂ ತೆರೆಯಲಾಗದಂತೆ ಬೀಗ ಹಾಕಿದ್ದರು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ನೋಂದಣಿ, ಅಪಾಯಿಂಟ್‌ಮೆಂಟ್, ಡಿಸ್ಚಾರ್ಜ್‌ನಂಥ ಹೆಚ್ಚಿನ ಸೇವೆಗಳು ಮರಳಲು ಎರಡು ವಾರ ಹಿಡಿಯಿತು. ದಾಳಿಗೆ ಸಿಗದ ಒಂದು ಬ್ಯಾಕಪ್ ಸರ್ವರ್ ಇದ್ದುದರಿಂದ ಇ-ಹಾಸ್ಪಿಟಲ್ ವ್ಯವಸ್ಥೆಯ ದಾಖಲೆಗಳು ಉಳಿದವು.

ಅಲ್ಲಿ ಅಧಿಕೃತವಾಗಿ ಗುರುತಿಸಿದ ಲೋಪ ಅಪ್‌ಡೇಟ್‌ನದ್ದಲ್ಲ. ನೆಟ್‌ವರ್ಕನ್ನು ಸರಿಯಾಗಿ ಬೇರೆ ಬೇರೆ ಭಾಗಗಳಾಗಿ ವಿಂಗಡಿಸಿರಲಿಲ್ಲ ಎಂಬುದು ಪ್ರಾಥಮಿಕ ತನಿಖೆಯಲ್ಲಿ ಕಂಡುಬಂತು. ಅಪ್‌ಡೇಟ್ ಮಾಡದಿದ್ದುದೇ ಮುಳುವಾದ ದೊಡ್ಡ ಪ್ರಕರಣ ಬ್ರಿಟನ್‌ನದ್ದು. ಅದಕ್ಕೆ ಮೊದಲು ಅಪ್‌ಡೇಟ್ ಎಂದರೇನು ಎಂಬುದನ್ನು ತಿಳಿಯೋಣ.

ಅಪ್‌ಡೇಟ್ ಎಂದರೆ ಏನು?

ನಿಮ್ಮ ಫೋನಿನಲ್ಲಿ ಆಂಡ್ರಾಯ್ಡ್ ಇರುವಂತೆ ಆಸ್ಪತ್ರೆಯ ಸರ್ವರ್‌ನಲ್ಲಿ ವಿಂಡೋಸ್ ಸರ್ವರ್ ಅಥವಾ ಲಿನಕ್ಸ್ ಇರುತ್ತದೆ. ಇದೇ ಆಪರೇಟಿಂಗ್ ಸಿಸ್ಟಂ. ನಿಮ್ಮ ರಕ್ತಪರೀಕ್ಷೆಯ ವರದಿ, ಸ್ಕ್ಯಾನ್ ಚಿತ್ರ, ಔಷಧಿ ಪಟ್ಟಿ ಎಲ್ಲವೂ ಅದರ ಮೇಲೆ ನಡೆಯುವ ತಂತ್ರಾಂಶಗಳಲ್ಲಿ ಇರುತ್ತವೆ. ಅದರಲ್ಲಿ ಆಗಾಗ ಭದ್ರತಾ ದೋಷಗಳು ಪತ್ತೆಯಾಗುತ್ತವೆ. ತಯಾರಕರು ಅವನ್ನು ಮುಚ್ಚುವ ತೇಪೆಯನ್ನು ಕಳಿಸುತ್ತಾರೆ. ಹಾಗೆ ಕಳಿಸಿದಾಗ ದೋಷ ಎಲ್ಲಿತ್ತು ಎಂಬುದು ಕಳ್ಳರಿಗೂ ತಿಳಿಯುತ್ತದೆ. ಅಲ್ಲಿಂದ ಮುಂದೆ, ತೇಪೆ ಹಾಕದ ಪ್ರತಿ ದಿನವೂ ಅಪಾಯದ ದಿನ.

ಬ್ರಿಟನ್‌ನಲ್ಲಿ ಆದದ್ದು

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ದೋಷಕ್ಕೆ ತೇಪೆ ಬಿಡುಗಡೆ ಮಾಡಿತು. ಅದನ್ನು ಹಾಕಿಕೊಳ್ಳುವಂತೆ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಅಲ್ಲಿನ ಆರೋಗ್ಯ ಸಂಸ್ಥೆಗಳಿಗೆ ಎಚ್ಚರಿಕೆಯೂ ಹೋಗಿತ್ತು. ಹಲವರು ಹಾಕಿಕೊಳ್ಳಲಿಲ್ಲ. ಮೇ 12ರಂದು ‘ವಾನ್ನಾಕ್ರೈ’ ಎಂಬ ಕುತಂತ್ರಾಂಶ ಅದೇ ದೋಷದ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿಯೇ ಹರಡಿತು. ಇಂಗ್ಲೆಂಡ್‌ನ 236 ಆರೋಗ್ಯ ಟ್ರಸ್ಟ್‌ಗಳಲ್ಲಿ ಕನಿಷ್ಠ 81ಕ್ಕೆ ಏಟು ಬಿತ್ತು. 19 ಸಾವಿರಕ್ಕೂ ಹೆಚ್ಚು ಅಪಾಯಿಂಟ್‌ಮೆಂಟ್‌ಗಳು ರದ್ದಾದವು ಎಂದು ಅಂದಾಜಿಸಲಾಯಿತು. ಕೆಲವೆಡೆ ತುರ್ತು ಚಿಕಿತ್ಸೆಗೂ ರೋಗಿಗಳು ದೂರದ ಆಸ್ಪತ್ರೆಗೆ ಹೋಗಬೇಕಾಯಿತು. ದಾಳಿಗೆ ಎರಡು ತಿಂಗಳ ಮುಂಚೆಯೇ ಪರಿಹಾರ ಕೈಯಲ್ಲಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಮಾತು.

ಹಾಗಾದರೆ ಆಸ್ಪತ್ರೆಗಳು ತಡಮಾಡುವುದೇಕೆ?

ಎಲ್ಲವೂ ಅಸಡ್ಡೆಯಲ್ಲ. ಐಸಿಯು ಮತ್ತು ತುರ್ತು ವಿಭಾಗ ದಿನದ 24 ಗಂಟೆಯೂ ನಡೆಯುವುದರಿಂದ ಸರ್ವರ್ ರೀಸ್ಟಾರ್ಟ್ ಮಾಡಲು ಬಿಡುವಿರುವುದಿಲ್ಲ. ಕೆಲವು ಸ್ಕ್ಯಾನ್ ಯಂತ್ರಗಳ ತಂತ್ರಾಂಶ ಹಳೆಯ ಆಪರೇಟಿಂಗ್ ಸಿಸ್ಟಂನಲ್ಲಿ ಮಾತ್ರ ನಡೆಯುತ್ತದೆ. ಅಪ್‌ಡೇಟೇ ಎಡವಟ್ಟಾಗುವುದೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ಆದ್ದರಿಂದ ಮೊದಲು ಬೇರೆ ಯಂತ್ರದಲ್ಲಿ ಪರೀಕ್ಷಿಸಿ, ಬ್ಯಾಕಪ್ ತೆಗೆದಿಟ್ಟು, ಸಮಯ ಗೊತ್ತುಮಾಡಿ ಅಪ್‌ಡೇಟ್ ಮಾಡುವುದೇ ಸರಿಯಾದ ಕ್ರಮ.

ಆದರೆ ಮುಂದೂಡುವುದಕ್ಕೂ ಮಿತಿ ಇದೆ. ವಿಂಡೋಸ್ ಸರ್ವರ್ 2012ಕ್ಕೆ ಸಾಮಾನ್ಯ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. ಲಿನಕ್ಸ್‌ನ ಒಂದು ಬಗೆಯಾದ ಸೆಂಟ್‌ಒಎಸ್ 7ರ ಅವಧಿ 2024ರ ಜೂನ್ 30ಕ್ಕೆ ಕೊನೆಗೊಂಡಿತು. ಇವುಗಳಲ್ಲಿ ಇನ್ನೂ ನಡೆಯುತ್ತಿರುವ ಸರ್ವರ್‌ಗೆ, ಹಣ ಕೊಟ್ಟು ಬೇರೆ ವ್ಯವಸ್ಥೆ ಮಾಡಿಕೊಳ್ಳದಿದ್ದರೆ, ಹೊಸ ತೇಪೆ ಬರುವುದೇ ಇಲ್ಲ.

ನೀವು ಏನು ಮಾಡಬಹುದು?

ಸರ್ವರ್ ನಿಮ್ಮ ಕೈಯಲ್ಲಿಲ್ಲ. ನಿಮ್ಮ ದಾಖಲೆಯ ಒಂದು ಪ್ರತಿ ನಿಮ್ಮ ಕೈಯಲ್ಲಿರಬಹುದು.

• ಡಿಸ್ಚಾರ್ಜ್ ಸಮ್ಮರಿ, ಇತ್ತೀಚಿನ ಲ್ಯಾಬ್ ರಿಪೋರ್ಟ್, ಔಷಧಿ ಚೀಟಿ ಇವುಗಳ ಪ್ರಿಂಟ್ ಇಟ್ಟುಕೊಳ್ಳಿ. ಪಿಡಿಎಫ್ ಪ್ರತಿ ಫೋನಿನಲ್ಲೂ ಇರಲಿ.

• ಸ್ಕ್ಯಾನ್‌ಗೆ ಬರೀ ಲಿಂಕ್ ಅಥವಾ ಕ್ಯೂಆರ್ ಕೋಡ್ ಕೊಟ್ಟರೆ ಅದೇ ದಿನ ಡೌನ್‌ಲೋಡ್ ಮಾಡಿ, ಇಲ್ಲವೇ ಸಿಡಿ ಕೇಳಿ. ಸರ್ವರ್ ನಿಂತರೆ ಲಿಂಕ್ ತೆರೆಯುವುದಿಲ್ಲ.

• ಆಭಾ ಸಂಖ್ಯೆಗೆ ಜೋಡಿಸಿದೆ ಎಂದು ನಿಶ್ಚಿಂತರಾಗಬೇಡಿ. ಆ ವ್ಯವಸ್ಥೆಯಲ್ಲಿ ದಾಖಲೆಗಳನ್ನು ಕೇಂದ್ರವಾಗಿ ಒಂದೆಡೆ ಸಂಗ್ರಹಿಸುವುದಿಲ್ಲ. ಮೂಲ ದಾಖಲೆ ಅದನ್ನು ತಯಾರಿಸಿದ ಆಸ್ಪತ್ರೆ ಅಥವಾ ಲ್ಯಾಬ್‌ನಲ್ಲೇ ಇರುತ್ತದೆ.

• ಕಿಮೋ, ಡಯಾಲಿಸಿಸ್‌ನಂಥ ದೀರ್ಘ ಚಿಕಿತ್ಸೆ ನಡೆಯುತ್ತಿದ್ದರೆ ಒಂದು ಹಾಳೆಯಲ್ಲಿ ಬರೆದಿಡಿ: ಕಾಯಿಲೆಯ ಹೆಸರು, ಎಷ್ಟನೇ ಸುತ್ತು, ಔಷಧಿ ಮತ್ತು ಪ್ರಮಾಣ, ಅಲರ್ಜಿ, ರಕ್ತದ ಗುಂಪು. ಊರಿನಿಂದ ಅಪ್ಪ–ಅಮ್ಮನನ್ನು ಚಿಕಿತ್ಸೆಗೆ ಕರೆಸಿಕೊಂಡಿದ್ದರೆ ಇದು ಇನ್ನೂ ಮುಖ್ಯ. ಡಾಕ್ಟರ ಭಾಷೆ ಅವರಿಗೆ ಬಾರದಿದ್ದರೂ ಹಾಳೆ ಮಾತಾಡುತ್ತದೆ. ಹಾಳೆ ಇಂಗ್ಲಿಷ್‌ನಲ್ಲಿರಲಿ, ವೈದ್ಯರಿಂದ ಒಮ್ಮೆ ಸರಿನೋಡಿಸಿ.

• ಸಹಾಯ ಕೇಂದ್ರದಲ್ಲಿ ಕೇಳಿ: “ಸಿಸ್ಟಂ ನಿಂತರೆ ನಮ್ಮ ಚಿಕಿತ್ಸೆ ಹೇಗೆ ಮುಂದುವರಿಯುತ್ತದೆ? ಬ್ಯಾಕಪ್ ಬೇರೆ ಕಡೆ ಇದೆಯೇ?” ಇದು ಕೇಳಬಾರದ ಪ್ರಶ್ನೆಯಲ್ಲ.

• “ದಾಳಿಯಾಗಿದೆ, ನಿಮ್ಮ ರಿಪೋರ್ಟ್ ಬೇಕಾದರೆ ಹಣ ಕಟ್ಟಿ” ಎಂದು ಕರೆ ಬಂದರೆ ಹಣ, ಒಟಿಪಿ ಏನನ್ನೂ ಕೊಡಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ.

ಸರ್ವರ್ ನಿಂತ ದಿನ ನೀವೇ ಆಸ್ಪತ್ರೆಯಲ್ಲಿದ್ದರೆ ಔಷಧಿಯನ್ನಾಗಲಿ ಡಯಾಲಿಸಿಸನ್ನಾಗಲಿ ನೀವಾಗಿಯೇ ತಪ್ಪಿಸಬೇಡಿ. ವಾರ್ಡ್‌ನ ಸಿಸ್ಟರ್ ಅಥವಾ ನಿಮ್ಮ ವೈದ್ಯರ ತಂಡವನ್ನು ನೇರವಾಗಿ ಕಂಡು ನಿಮ್ಮ ಹಾಳೆಯನ್ನು ತೋರಿಸಿ. ಇನ್ನು, ಶನಿವಾರ ರಾತ್ರಿಯ ಅಪ್‌ಡೇಟ್ ಮೆಸೇಜ್ ಮತ್ತೆ ಬಂದರೆ, ಬೇಕಾದ ರಿಪೋರ್ಟನ್ನು ಸಂಜೆಯೇ ಇಳಿಸಿಕೊಂಡು ಅವರ ಕೆಲಸ ಅವರು ಮಾಡಲು ಬಿಡಿ.