ರೋಬಟ್‌ನ ಕೈ ನಡುಗದು, ಆದರೆ ಮಾತು ಕೇಳಿಸಬೇಕಲ್ಲ!

ಮುಂಬಯಿ: ಮಹಾನಗರದ ದೊಡ್ಡ ಆಸ್ಪತ್ರೆಗಳಲ್ಲಿ ರೋಬಟ್ ನೆರವಿನ ಶಸ್ತ್ರಚಿಕಿತ್ಸೆ ಈಗ ಹೊಸ ಸುದ್ದಿಯಲ್ಲ. ಪ್ರಾಸ್ಟೇಟ್, ಮೂತ್ರಪಿಂಡ, ಗರ್ಭಕೋಶದ ಆಪರೇಶನ್‌ಗಳಿಗೆ ರೋಬಟ್ ಬಳಸುವುದನ್ನು ಆಸ್ಪತ್ರೆಗಳು ಜಾಹೀರಾತು ನೀಡಿ ತಿಳಿಸುತ್ತಿವೆ. ಜಾಹೀರಾತಿನಲ್ಲಿ ಕಾಣುವುದು ಯಂತ್ರ ಮಾತ್ರ, ಅದರ ಸುತ್ತ ನಿಂತವರಲ್ಲ.

2015ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಫ್ರೀಮನ್ ಆಸ್ಪತ್ರೆಯಲ್ಲಿ ಹಿರಿಯ ರೋಗಿಯೊಬ್ಬರ ಹೃದಯದ ಮೈಟ್ರಲ್ ಕವಾಟವನ್ನು ರೋಬಟ್ ಮೂಲಕ ದುರಸ್ತಿಪಡಿಸಲಾಯಿತು. ಕೆಲವೇ ದಿನಗಳಲ್ಲಿ ಅವರು ನಿಧನರಾದರು. 2018ರಲ್ಲಿ ಕೊರೋನರ್ ವಿಚಾರಣೆ ನಡೆಯಿತು. (ಕೊರೋನರ್ ಕೋರ್ಟ್ ಎಂದರೆ ಮುಂಬಯಿಯ ಹಳಬರಿಗೆ ನೆನಪಾಗಬಹುದು, ನಮ್ಮಲ್ಲಿ ಅದು ಈಗಿಲ್ಲ.) ಧ್ವನಿ ವ್ಯವಸ್ಥೆ ಸರಿಯಿಲ್ಲದೆ ಶಸ್ತ್ರವೈದ್ಯರಿಗೂ ಸಹಾಯಕ ವೈದ್ಯರಿಗೂ ಪರಸ್ಪರ ಮಾತು ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ ಎಂಬುದು ಅಲ್ಲಿ ಹೊರಬಿತ್ತು. ಮಾರ್ಗದರ್ಶನಕ್ಕೆಂದು ಬಂದಿದ್ದ ತಜ್ಞರು ಅರ್ಧದಲ್ಲೇ ಹೊರಟುಹೋಗಿದ್ದರು. ಶಸ್ತ್ರವೈದ್ಯರಿಗೆ ಆ ಯಂತ್ರದ ತರಬೇತಿಯೂ ಸಾಲದಾಗಿತ್ತು. ಸಾಮಾನ್ಯ ವಿಧಾನದ ಆಪರೇಶನ್ ಆಗಿದ್ದರೆ ರೋಗಿ ಬದುಕುವ ಸಂಭವವೇ ಹೆಚ್ಚಿತ್ತು ಎಂದು ಕೊರೋನರ್ ಅಭಿಪ್ರಾಯಪಟ್ಟರು.

ಈ ತೊಂದರೆ ಏಕೆಂಬುದು ಕೋಣೆಯ ಏರ್ಪಾಡು ತಿಳಿದರೆ ಅರ್ಥವಾಗುತ್ತದೆ. ಸಾಮಾನ್ಯ ಆಪರೇಶನ್‌ನಲ್ಲಿ ವೈದ್ಯರು ಕೈ ಚಾಚಿದರೆ ನರ್ಸ್ ಕತ್ತರಿ ಕೊಡುತ್ತಾರೆ. ಕಣ್ಸನ್ನೆಯೇ ಅರ್ಧ ಮಾತು. 2000ದಲ್ಲಿ ಅಮೆರಿಕದ ಮಾನ್ಯತೆ ಪಡೆದ ಡಾ ವಿಂಚಿ ಯಂತ್ರದಲ್ಲಿ ಶಸ್ತ್ರವೈದ್ಯರು ಮೇಜಿನಿಂದ ಕೆಲವು ಅಡಿ ದೂರ ಕುಳಿತು, ಕನ್ಸೋಲ್‌ನೊಳಗೆ ಮುಖವಿಟ್ಟು ಕೆಲಸ ಮಾಡುತ್ತಾರೆ. ಅವರಿಗೆ ದೇಹದ ಒಳಭಾಗ ಹಿಗ್ಗಿಸಿದಂತೆ ಕಾಣುತ್ತದೆ, ಜತೆಯವರ ಮುಖ ಕಾಣುವುದಿಲ್ಲ. ಉಪಕರಣ ಬದಲಿಸುವುದು, ರಕ್ತ ಹೀರಿ ತೆಗೆಯುವುದು ರೋಗಿಯ ಪಕ್ಕದಲ್ಲಿರುವ ಸಹಾಯಕರ ಕೆಲಸ. ಇಬ್ಬರ ನಡುವಿನ ಕೊಂಡಿ ಮೈಕ್ ಮತ್ತು ಸ್ಪೀಕರ್ ಮಾತ್ರ. ಹಠಾತ್ ರಕ್ತಸ್ರಾವವಾಗಿ ಹೊಟ್ಟೆ ತೆರೆಯಬೇಕಾಗಿ ಬಂದರೆ ಮೊದಲು ರೋಬಟ್‌ನ ತೋಳುಗಳನ್ನು ಬಿಡಿಸಿ ಸರಿಸಬೇಕು. ಆಗ ಯಾರು ಏನು ಮಾಡಬೇಕೆಂಬುದನ್ನು ಮೊದಲೇ ಮಾತಾಡಿಕೊಂಡಿರದಿದ್ದರೆ ಗೊಂದಲ ಖಚಿತ.

ಪರಿಹಾರ ಮಾತ್ರ ಕೋಟಿ ಬೆಲೆಯದ್ದಲ್ಲ. 'ಅದನ್ನು ಕೊಡಿ' ಎನ್ನುವ ಬದಲು ಸಹಾಯಕರ ಹೆಸರು, ಉಪಕರಣದ ಹೆಸರು ಹೇಳಿ ಕೇಳುವುದು. ಕೇಳಿಸಿಕೊಂಡವರು ಅದನ್ನೇ ಮರುನುಡಿದು, ಕೆಲಸವಾದ ಮೇಲೆ 'ಆಯಿತು' ಎನ್ನುವುದು. ಹಲವು ರಾಜ್ಯಗಳ ಸಿಬ್ಬಂದಿ ಒಂದೇ ಥಿಯೇಟರ್‌ನಲ್ಲಿ ದುಡಿಯುವ ಈ ನಗರದಲ್ಲಂತೂ ಇದು ಇನ್ನೂ ಅಗತ್ಯ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಸುರಕ್ಷತಾ ಪಟ್ಟಿಯೂ ಚರ್ಮಕ್ಕೆ ಚಾಕು ತಾಗುವ ಮುನ್ನ ತಂಡದ ಎಲ್ಲರೂ ಹೆಸರು, ಪಾತ್ರ ಹೇಳಬೇಕೆನ್ನುತ್ತದೆ. ದಿಲ್ಲಿ ಸೇರಿ 8 ನಗರಗಳಲ್ಲಿ ಅದನ್ನು ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ಅದು ರೋಬಟ್ ಆಪರೇಶನ್‌ಗಳ ಲೆಕ್ಕವಲ್ಲ, ಆದರೂ ಮಾತಿನ ಬೆಲೆ ಅದರಲ್ಲಿ ಕಾಣುತ್ತದೆ.

ಕಿರಿಯ ನರ್ಸ್ ಒಬ್ಬರು 'ಸರ್, ಸ್ವಲ್ಪ ನಿಲ್ಲಿಸಿ' ಎನ್ನಲು ನಮ್ಮ ಆಸ್ಪತ್ರೆಗಳಲ್ಲಿ ಧೈರ್ಯ ಸಾಕೇ ಎಂಬ ಸಂಶಯ ಉಳಿದೇ ಇದೆ.

ವೈದ್ಯಕೀಯ ಶಿಬಿರ ನಡೆಸುವ, ಚಿಕಿತ್ಸೆಗೆ ನೆರವಾಗುವ ನಮ್ಮ ಸಂಘ-ಸಂಸ್ಥೆಗಳು ರೋಗಿಯ ಮನೆಯವರಿಗೆ ಈ ಪ್ರಶ್ನೆಗಳನ್ನೂ ಕಲಿಸಿಕೊಡಬಹುದು: ವೈದ್ಯರು ರೋಬಟ್‌ನಲ್ಲಿ ಇಂಥ ಆಪರೇಶನ್ ಎಷ್ಟು ಮಾಡಿದ್ದಾರೆ? ಪಕ್ಕದಲ್ಲಿ ನಿಲ್ಲುವ ಸಹಾಯಕರು ಯಾರು, ಅದೇ ತಂಡ ಜತೆಯಾಗಿ ಎಷ್ಟು ಕಾಲದಿಂದ ಕೆಲಸ ಮಾಡುತ್ತಿದೆ? ಖರ್ಚೆಷ್ಟು ಎಂದು ಕೇಳುವಾಗಲೇ ಇವನ್ನೂ ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಪಡಲಾರರು.