ಅಂಗಡಿಗೆ ಹತ್ತು ಗಂಟೆ, ಜಮೀನಿಗೆ ಎಷ್ಟು ಗಂಟೆ?

ಕುರೆಕುಪ್ಪ: ಕೊರೊನಾ ಹೋಯಿತು, ಮಾಸ್ಕು ಮೂಲೆ ಸೇರಿತು. ಆದರೆ ಆ ಕಾಲದ ಲೆಕ್ಕವೊಂದು ಈ ಭಾಗದಲ್ಲಿ ಇನ್ನೂ ಚುಕ್ತಾ ಆಗಿಲ್ಲ.

2021ರ ಏಪ್ರಿಲ್ 26. ಎರಡನೇ ಅಲೆ ಏರಿದ ಹೊತ್ತು. ಯಡಿಯೂರಪ್ಪನವರ ಸಂಪುಟ ಸೇರಿ, ಮರುದಿನ ರಾತ್ರಿಯಿಂದ 14 ದಿನ ರಾಜ್ಯಕ್ಕೆ ಬೀಗ ಎಂದಿತು. ಬಸ್ಸು ನಿಂತವು. ಕಿರಾಣಿ, ತರಕಾರಿಗೆ ಬೆಳಿಗ್ಗೆ 6ರಿಂದ 10. ಹತ್ತು ಹೊಡೆಯಿತೆಂದರೆ ಶಟರ್ ಎಳೀಬೇಕು. ಕಾರ್ಖಾನೆಗಳಿಗೆ ಮಾತ್ರ ಅಡ್ಡಿಯಿಲ್ಲ.

ಸಂಪುಟ ಅದೇ ದಿನ ಇನ್ನೊಂದು ತೀರ್ಮಾನವನ್ನೂ ಮಾಡಿತು: ಜಿಂದಾಲ್‌ಗೆ ಗುತ್ತಿಗೆ ಕೊಟ್ಟಿದ್ದ 3,667 ಎಕರೆಯನ್ನು ಕ್ರಯ ಮಾಡಿಕೊಡುವುದು. ಅದರಲ್ಲಿ 2,000 ಎಕರೆ ತೋರಣಗಲ್ಲು, ಕುರೆಕುಪ್ಪದ ನೆಲ. ದರ ಎಕರೆಗೆ ಸುಮಾರು 1.22 ಲಕ್ಷ.

ಕಾರ್ಖಾನೆ ನಡೆಯಬೇಕಿತ್ತು, ನಿಜ. ಆ ವಾರಗಳಲ್ಲಿ ರೋಗಿಗಳ ಉಸಿರಿಗೆ ತೋರಣಗಲ್ಲಿನಿಂದಲೂ ಆಮ್ಲಜನಕ ಹೋಯಿತು. 2020ರ ಜೂನ್‌ನಲ್ಲಿ ಅಲ್ಲಿಯ ನೂರಕ್ಕೂ ಹೆಚ್ಚು ನೌಕರರಿಗೆ ಸೋಂಕು ತಗುಲಿದ್ದನ್ನು ನೆನೆದೂ ಜನ ಸುಮ್ಮನಿದ್ದರು. ಆಮ್ಲಜನಕಕ್ಕೆ ಅವಸರ ಸರಿ. ಕ್ರಯಪತ್ರಕ್ಕೆ ಯಾವ ಅವಸರ? ವಿರೋಧಿಸೋಣವೆಂದರೆ ಗುಂಪು ಸೇರುವಂತಿಲ್ಲ, ಹೋಗಲು ಬಸ್ಸೂ ಇಲ್ಲ.

ಪಕ್ಷಗಳ ಮಾತು ಕೇಳಿ. 2019ರ ಜೂನ್‌ನಲ್ಲಿ ಕುಮಾರಸ್ವಾಮಿ ಸರ್ಕಾರ ಇದೇ ಜಮೀನು ಮಾರಹೊರಟಾಗ ಅಹೋರಾತ್ರಿ ಧರಣಿ ಕೂತವರು ಯಡಿಯೂರಪ್ಪ. ಇದೇ ಕಾರಣ ಹೇಳಿ ಜುಲೈ 1ರಂದು ಶಾಸಕ ಸ್ಥಾನಕ್ಕೆ ರಾಜೀನಾಮೆ ಬರೆದವರು ಹೊಸಪೇಟೆಯ ಆನಂದ್ ಸಿಂಗ್. 2021ರಲ್ಲಿ ಒಬ್ಬರು ಮುಖ್ಯಮಂತ್ರಿ, ಇನ್ನೊಬ್ಬರು ಮಂತ್ರಿ! ಸ್ವಪಕ್ಷದ ಶಾಸಕರೇ ತಿರುಗಿಬಿದ್ದ ಮೇಲೆ ಮೇ 27ರಂದು ತೀರ್ಮಾನಕ್ಕೆ ತಡೆ ಬಿತ್ತು. ಆಗ ಗುಡುಗಿದ ಕಾಂಗ್ರೆಸ್ಸು 2024ರ ಆಗಸ್ಟ್ 22ರಂದು ತನ್ನದೇ ಸಂಪುಟದಲ್ಲಿ ಕ್ರಯಕ್ಕೆ ಒಪ್ಪಿಗೆ ಕೊಟ್ಟಿತು.

ಜನ ನಿಯಮ ಪಾಲಿಸೋದಿಲ್ಲ ಅಂತ ದೂರುವುದು ಸುಲಭ. ಮಾಸ್ಕಿಲ್ಲದವನಿಗೆ ಪಾಲಿಕೆ ವ್ಯಾಪ್ತಿಯಲ್ಲಿ 250, ಉಳಿದೆಡೆ 100 ರೂಪಾಯಿ ದಂಡವಿತ್ತು. ಬೀಗ ಬೀಳುವ ದಿನವೇ, ಏಪ್ರಿಲ್ 27ರಂದು, ಬಳ್ಳಾರಿ ಪಾಲಿಕೆಗೆ ಮತದಾನವನ್ನೂ ನಡೆಸಲಾಯಿತು. ಮದುವೆಗೆ ಲೆಕ್ಕದ ಜನ, ಮತಗಟ್ಟೆಗೆ ಊರೆಲ್ಲ ಜನ ಎಂದರೆ ನಿಯಮದ ಮೇಲಿನ ನಂಬಿಕೆ ಉಳಿಯುವುದು ಹೇಗೆ?

ನಿಯಮ ನಿಲ್ಲುವುದು ಲಾಠಿಯಿಂದಲ್ಲ, ಎಲ್ಲರಿಗೂ ಒಂದೇ ತಕ್ಕಡಿ ಎಂಬ ಭರವಸೆಯಿಂದ. ರೋಗ ಇನ್ನೊಮ್ಮೆ ಬಂದರೆ ಅಂಗಡಿಯವನು ಹತ್ತಕ್ಕೇ ಶಟರ್ ಎಳೆದಾನು. ಆದರೆ ಈ ಸಲ ವಿಧಾನಸೌಧದಲ್ಲಿ ಯಾವ ಬಾಗಿಲು ತೆರೆದಿದೆ ಅಂತ ಒಂದು ಕಣ್ಣು ಅತ್ತಲೂ ಇಟ್ಟಿರುತ್ತಾನೆ.